ನೌಕಾಪಿತಾಮಹ ಶೋಧನ ಶಾಸ್ತ್ರ: ಒಂದು ಪ್ರವೇಶಿಕೆ

ಯುದ್ಧಕಾಲದ ಹಡಗುಗಳಲ್ಲಿ ದುಡಿದ ಪೂರ್ವಿಕರನ್ನು ಕಾಗದಪತ್ರಗಳ ಮೂಲಕ ಪತ್ತೆಹಚ್ಚುವ ವಿದ್ಯೆಯು ಬ್ರಿಟನ್ನಿನಲ್ಲಿ ಇಂದು ಶಾಸ್ತ್ರದ ಪದವಿಗೇರಿದೆ. ನಿವೃತ್ತರು ಇದರ ಪ್ರಧಾನ ಅಧ್ಯೇತೃಗಳು. ಅವರ ಮನೆಯವರು ಇದರ ಪ್ರಧಾನ ಶ್ರೋತೃಗಳು. ಶ್ರೋತೃಗಳ ಸಂಖ್ಯೆ ಕಾಲಕ್ರಮೇಣ ಕ್ಷೀಣಿಸುತ್ತದೆಂಬುದನ್ನು ಎಲ್ಲ ಪಂಥದವರೂ ಒಪ್ಪುತ್ತಾರೆ.

ಈ ಶಾಸ್ತ್ರದಲ್ಲಿ ಪ್ರಮಾಣಗಳು ನಾಲ್ಕು. ಮೊದಲನೆಯದು ಆಪ್ತವಾಕ್ಯ, ಎಂದರೆ ಮನೆಯ ಹಿರಿಯರು ಹೇಳುತ್ತ ಬಂದ ಮಾತು. ಅದರ ಪ್ರಕಾರ ಪೂರ್ವಿಕರೆಲ್ಲರೂ ಚುಕ್ಕಾಣಿಯ ಬಳಿಯೇ ನಿಂತಿದ್ದರು. ಇಂಥ ಮಾತುಗಳನ್ನೆಲ್ಲ ಕೂಡಿಸಿ ನೋಡಿದರೆ ಬ್ರಿಟಿಷ್ ನೌಕಾಪಡೆಯ ಪ್ರತಿ ಹಡಗಿನಲ್ಲೂ ಹಲವಾರು ಕಪ್ತಾನರಿದ್ದು, ಆಲೂಗಡ್ಡೆ ಸುಲಿಯುವವರು ಒಬ್ಬರೂ ಇರಲಿಲ್ಲವೆಂದು ಸಿದ್ಧವಾಗುತ್ತದೆ. ಎರಡು ಮಹಾಯುದ್ಧಗಳನ್ನೂ ಆ ಪಡೆಯು ನಿರಾಹಾರವಾಗಿಯೇ ಗೆದ್ದಿತೆಂಬ ನಿಗಮನವು ಸದ್ಯ ಪರಿಶೀಲನೆಯಲ್ಲಿದೆ.

ಎರಡನೆಯದು ಪ್ರತ್ಯಕ್ಷ. ಗೋಡೆಯ ಮೇಲೆ ತೂಗುವ, ನಾವಿಕನ ಟೋಪಿ ತೊಟ್ಟ ಯುವಕನ ಭಾವಚಿತ್ರವು ಇದಕ್ಕೆ ಆಧಾರ. ಟೋಪಿಯ ಪಟ್ಟಿಯಲ್ಲಿ ಹಡಗಿನ ಹೆಸರಿರುವುದು ಪದ್ಧತಿ. ಆದರೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಶತ್ರುವಿನ ಗೂಢಚಾರರಿಗೆ ಸುಳಿವು ಸಿಗಬಾರದೆಂದು ಹೆಸರನ್ನು ತೆಗೆದು, ಬರೀ ‘ಎಚ್.ಎಂ.ಎಸ್.’ ಎಂಬ ಮೂರಕ್ಷರಗಳನ್ನಷ್ಟೇ ಉಳಿಸಲಾಯಿತು. ಈ ಏರ್ಪಾಡು ಶತ್ರುವಿನ ಮೇಲೆ ಎಷ್ಟು ಫಲಿಸಿತೆಂಬುದರಲ್ಲಿ ಭಿನ್ನಾಭಿಪ್ರಾಯವಿರಬಹುದು. ಮೊಮ್ಮಕ್ಕಳ ಮೇಲೆ ಅದು ಇಂದಿಗೂ ಪೂರ್ಣವಾಗಿ ಫಲಿಸುತ್ತಿದೆ.

ಮೂರನೆಯದು ಲಿಖಿತ ಪ್ರಮಾಣ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ, ಎಡಿಎಂ 188 ಎಂಬ ಶ್ರೇಣಿಯೊಳಗೆ, ನೌಕಾಪಡೆಯ ಸಾಮಾನ್ಯ ನಾವಿಕರ ಸೇವಾಪುಟಗಳಿವೆ. ಹುಟ್ಟಿದ ದಿನ, ಹುಟ್ಟೂರು, ಹಿಂದಿನ ಕಸುಬು, ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮೈಬಣ್ಣ, ಗಾಯದ ಕಲೆ, ಹಚ್ಚೆ ಇವಿಷ್ಟನ್ನೂ ಅಲ್ಲಿ ಅಚ್ಚುಕಟ್ಟಾಗಿ ನಮೂದಿಸಲಾಗಿದೆ. ವರ್ಷ ವರ್ಷವೂ ಡಿಸೆಂಬರ್ 31ಕ್ಕೆ ನಡತೆಯ ಅಂಕ ಬೀಳುತ್ತಿತ್ತು. ಲಾಕಪ್ಪಿನಲ್ಲಿ ಕಳೆದ ದಿನಗಳಿಗೂ ಜಾಗವಿದೆ, ಹಡಗು ಬಿಟ್ಟು ಓಡಿಹೋದದ್ದಕ್ಕೂ ಇದೆ. ಶೌರ್ಯಕ್ಕೆ ಪ್ರತ್ಯೇಕ ಕಾಲಂ ಇಲ್ಲ. ಮೊದಲ ಮಹಾಯುದ್ಧದ ಜಟ್ಲೆಂಡ್ ನೌಕಾಕದನದಲ್ಲಿ ಅಜ್ಜ ಏನು ಮಾಡಿದನೆಂದು ಕೇಳಿ ಹೋದ ಮೊಮ್ಮಗನಿಗೆ, ಅಜ್ಜನ ಎತ್ತರ ಐದಡಿ ನಾಲ್ಕಂಗುಲವೆಂದೂ, ಎಡತೋಳಿನ ಮೇಲೆ ಹೃದಯದ ಹಚ್ಚೆಯಿತ್ತೆಂದೂ, ಅದರೊಳಗೊಂದು ಸ್ತ್ರೀನಾಮವಿತ್ತೆಂದೂ ತಿಳಿದುಬರುತ್ತದೆ. ಆ ಹೆಸರು ಅಜ್ಜಿಯದಲ್ಲದ ಪಕ್ಷದಲ್ಲಿ, ಸಂಶೋಧನೆಯನ್ನು ತಾಯಿಯ ಕಡೆಯ ವಂಶಕ್ಕೆ ವರ್ಗಾಯಿಸುವುದು ವಾಡಿಕೆ.

ಸೇವಾಪುಟದಲ್ಲಿ ಹಡಗಿನ ಹೆಸರು ಕಂಡೊಡನೆ ಹಿಗ್ಗಬಾರದು. ‘ವಿಕ್ಟರಿ’ ಎಂದು ಬರೆದಿದ್ದರೆ ಅಜ್ಜ ನೆಲ್ಸನ್‌ನ ಹಡಗಿನಲ್ಲಿದ್ದನೆಂದು ಬಹುಮಂದಿ ನಂಬುತ್ತಾರೆ. ನೆಲ್ಸನ್ ಆ ಹಡಗಿನಿಂದ ಕಾದಿದ ಟ್ರಫಾಲ್ಗರ್ ಕದನ ನಡೆದದ್ದು 1805ರಲ್ಲಿ ಎಂಬ ಅಂಶ ಅವರನ್ನು ವಿಚಲಿತಗೊಳಿಸುವುದಿಲ್ಲ. ನಿಜಾಂಶವೆಂದರೆ, ನೌಕಾಪಡೆಯ ನಿಯಮದಂತೆ ದಡದಲ್ಲಿರುವವನೂ ಯಾವುದಾದರೊಂದು ಹಡಗಿನ ಲೆಕ್ಕಪುಸ್ತಕದಲ್ಲಿ ಇರಲೇಬೇಕು. ಆದಕಾರಣ ಪೋರ್ಟ್ಸ್‌ಮತ್‌ನ ಬ್ಯಾರಕ್ಕು ‘ವಿಕ್ಟರಿ’ ಆಯಿತು, ಚಾಟಮ್‌ನದು ‘ಪೆಂಬ್ರೋಕ್’ ಆಯಿತು. ಮೊದಲ ಮಹಾಯುದ್ಧದಲ್ಲಿ ದಕ್ಷಿಣ ಲಂಡನ್ನಿನ ದಿಣ್ಣೆಯ ಮೇಲಿದ್ದ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಕಟ್ಟಡವನ್ನೂ ಹಡಗೆಂದೇ ಪರಿಗಣಿಸಿ ಅಲ್ಲಿ ನಾವಿಕರನ್ನು ತರಬೇತುಗೊಳಿಸಲಾಯಿತು. ಆ ಹಡಗಿಗೆ ಸಮುದ್ರದಿಂದ ಯಾವ ಅಪಾಯವೂ ಒದಗಲಿಲ್ಲ. ಈ ಸಂಪ್ರದಾಯ ನಮ್ಮಲ್ಲೂ ಅವಿಚ್ಛಿನ್ನವಾಗಿದೆ: ಕಾರವಾರದ ಐಎನ್‌ಎಸ್ ಕದಂಬ ಇದುವರೆಗೂ ಒಂದು ಅಂಗುಲ ಕದಲಿಲ್ಲ.

ಇನ್ನು ಆಸ್ಪತ್ರೆ ಹಡಗುಗಳು. 1907ರ ಹೇಗ್ ಒಪ್ಪಂದದ ಮೇರೆಗೆ ಸರ್ಕಾರಿ ಆಸ್ಪತ್ರೆ ಹಡಗಿಗೆ ಬಿಳಿಯ ಬಣ್ಣ ಬಳಿದು, ಸುತ್ತ ಸುಮಾರು ಒಂದೂವರೆ ಮೀಟರ್ ಅಗಲದ ಹಸಿರು ಪಟ್ಟಿ ಎಳೆದು, ಅದರ ಹೆಸರನ್ನು ಶತ್ರುವಿಗೆ ಮುಂಗಡವಾಗಿ ತಿಳಿಸಬೇಕಿತ್ತು. ಹಡಗು ಸಮುದ್ರದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಾದರೂ, ಅದರೊಳಗಿದ್ದವರು ಪತ್ರಾಗಾರದಲ್ಲಿ ಕಾಣುವುದು ದುರ್ಲಭ. ಕಲ್ಲಿದ್ದಲು ತುಂಬಿದವನು ವ್ಯಾಪಾರಿ ನೌಕೆಯ ನೌಕರ, ಆತನ ಹೆಸರು ವ್ಯಾಪಾರ ಮಂಡಳಿಯ ಸಿಬ್ಬಂದಿಪಟ್ಟಿಯಲ್ಲಿ. ಸ್ಟ್ರೆಚರ್ ಹೊತ್ತವನು ಬಹುಮಟ್ಟಿಗೆ ಭೂಸೇನೆಯ ವೈದ್ಯದಳದವನು. ಸೇನಾ ದಾದಿಯ ಕಡತ ಕ್ಯೂ ಪತ್ರಾಗಾರದ ಡಬ್ಲ್ಯುಒ 399 ಶ್ರೇಣಿಯಲ್ಲಿ, ಸ್ವಯಂಸೇವಕಿ ದಾದಿಯ ಚೀಟಿ ರೆಡ್‌ಕ್ರಾಸಿನವರಲ್ಲಿ. ರೋಗಿಗಳ ದಾಖಲೆಯನ್ನು ಮಾದರಿಗೆಂದು ಒಂದಿಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ನಾಶಪಡಿಸಲಾಗಿದೆ. ಹೀಗಾಗಿ ಶೋಧಕನು ಮೊದಲು ನಿರ್ಧರಿಸಬೇಕಾದದ್ದು ಅಜ್ಜನ ಕೈಯಲ್ಲಿ ಏನಿತ್ತು ಎಂಬುದನ್ನು. ಸಲಿಕೆಯೆಂದು ಸಾಬೀತಾದರೆ ಕುಟುಂಬದಲ್ಲಿ ಅಲ್ಪಕಾಲದ ಶೋಕಾಚರಣೆ ಇರುತ್ತದೆ.

ದಾಖಲೆ ಸಮೃದ್ಧವಾಗಬೇಕಾದರೆ ಹಡಗು ಮುಳುಗಿರಬೇಕು. ಕ್ಷೇಮವಾಗಿ ಮರಳಿದ ಹಡಗಿನ ವಿಷಯದಲ್ಲಿ ವಿಚಾರಣೆ ನಡೆಯುವುದಿಲ್ಲ, ಪತ್ರಿಕೆಯವರು ಬರುವುದಿಲ್ಲ. ಟೈಟಾನಿಕ್‌ನ ಸೋದರನೌಕೆ, ಆಗ ಆಸ್ಪತ್ರೆ ಹಡಗಾಗಿದ್ದ ಬ್ರಿಟಾನಿಕ್, 1916ರ ನವೆಂಬರ್ 21ರಂದು ಗ್ರೀಸಿನ ಕೇಯಾ ದ್ವೀಪದ ಬಳಿ ಸ್ಫೋಟಕ್ಕೆ ಸಿಕ್ಕಿ 55 ನಿಮಿಷಗಳಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನರಲ್ಲಿ ಸತ್ತವರು 30. ಉಳಿದವರಲ್ಲೊಬ್ಬರು ದಾದಿಯಾಗಿದ್ದ ವಯೊಲೆಟ್ ಜೆಸಪ್. ಆಕೆ 1911ರಲ್ಲಿ ಒಲಿಂಪಿಕ್ ಹಡಗು ಡಿಕ್ಕಿಯಾದಾಗಲೂ ಅದರಲ್ಲಿದ್ದರು, 1912ರಲ್ಲಿ ಟೈಟಾನಿಕ್‌ನಲ್ಲೂ ಇದ್ದರು. ಟೈಟಾನಿಕ್ ಬಿಡುವಾಗ ಹಲ್ಲುಜ್ಜುವ ಬ್ರಷ್ ಮರೆತು ಪಟ್ಟ ಪಾಡು ನೆನಪಾಗಿ, ಬ್ರಿಟಾನಿಕ್ ಬಿಡುವಾಗ ಅದನ್ನು ಜೊತೆಗೆ ಒಯ್ದರೆಂಬುದೂ ದಾಖಲಾಗಿದೆ. ಶಾಸ್ತ್ರದ ಲಕ್ಷಣಗಳೆಲ್ಲ ಕೂಡಿಬಂದ ಪೂರ್ವಿಕರೆಂದರೆ ಈಕೆಯೇ. ಆಕೆಗೆ ಮಕ್ಕಳಿರಲಿಲ್ಲ.

ನಾಲ್ಕನೆಯ ಪ್ರಮಾಣ ಅನುಪಲಬ್ಧಿ: ಇಲ್ಲದಿರುವುದರಿಂದಲೇ ತಿಳಿಯುವುದು. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾಪತ್ರಗಳಲ್ಲಿ ಸುಮಾರು ಶೇ 60ರಷ್ಟು, ಆಸ್ಪತ್ರೆ ಹಡಗಿನ ವೈದ್ಯದಳದವರದ್ದೂ ಸೇರಿ, 1940ರ ಸೆಪ್ಟೆಂಬರಿನ ಜರ್ಮನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ವ್ಯಾಪಾರಿ ನಾವಿಕರ ಯುದ್ಧಕಾಲದ ನೋಂದಣಿ ಚೀಟಿಗಳನ್ನು 1969ರಲ್ಲಿ ಸ್ವದೇಶದ ಅಧಿಕಾರಿಗಳೇ ನಾಶಪಡಿಸಿದರು. ಶತ್ರುವಿಗೆ ವಿಮಾನಗಳು ಬೇಕಾದವು. ಇಲಾಖೆಗೆ ಕಪಾಟಿನಲ್ಲಿ ಜಾಗ ಸಾಲದಿದ್ದರೆ ಸಾಕು.

ಅನುಪಲಬ್ಧಿಯು ಪರಿಪೂರ್ಣತೆ ಮುಟ್ಟಿರುವುದು ಭಾರತೀಯ ನಾವಿಕರ ಪ್ರಕರಣದಲ್ಲಿ. ಬ್ರಿಟಿಷ್ ಉಗಿಹಡಗುಗಳ ಒಲೆಯ ಮುಂದೆಯೂ ಅಟ್ಟದ ಮೇಲೆಯೂ ದುಡಿದ ಲಸ್ಕರರಿಗೆ ಬೇರೆಯೇ ಕರಾರುಪತ್ರವಿತ್ತು, ಕಡಿಮೆ ಸಂಬಳವಿತ್ತು. ಅವರನ್ನು ಕರೆತಂದ ಸಾರಂಗನೆಂಬ ಮೇಸ್ತ್ರಿಗೆ ಎಲ್ಲರ ಊರು, ಮನೆ, ಸಾಲ ತಿಳಿದಿತ್ತು. ಸಾರಂಗನನ್ನು ಪತ್ರಾಗಾರದಲ್ಲಿ ಇಟ್ಟಿಲ್ಲ. ಕೋಲ್ಕತ್ತದ ಲಸ್ಕರ್ ಸ್ಮಾರಕವು ಮೊದಲ ಮಹಾಯುದ್ಧದಲ್ಲಿ ಮಡಿದ ಬಂಗಾಳ ಮತ್ತು ಅಸ್ಸಾಮಿನ 896 ಮಂದಿಯ ನೆನಪಿಗೆ ಕಟ್ಟಿದ್ದು. ಸಂಖ್ಯೆಯ ವಿಷಯದಲ್ಲಿ ಅಲಕ್ಷ್ಯ ತೋರಿಲ್ಲವೆಂಬುದನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಸತ್ತು, ಸಮುದ್ರವಲ್ಲದೆ ಬೇರೆ ಗೋರಿ ದೊರೆಯದ 6,000ಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತದೆ ಪುಸ್ತಕದಲ್ಲಿ ಬರೆದಿಡಲಾಯಿತು. ಪುಸ್ತಕದ ಒಂದು ಪ್ರತಿಯನ್ನು ಚಿತ್ತಗಾಂಗ್‌ಗೂ ಇನ್ನೊಂದನ್ನು ಮುಂಬೈಗೂ ಕೊಟ್ಟರು. ಮಂಗಳೂರು, ಭಟ್ಕಳ, ಕಾರವಾರದ ಕಡೆಯ ಓದುಗರಿಗೆ ಹಡಗಿಗೆ ಹೋಗಿ ಮರಳದ ಮುತ್ತಜ್ಜ ಯಾರಾದರೂ ಇದ್ದಲ್ಲಿ, ಮುಂಬೈ ಪ್ರತಿಯಿಂದ ಆರಂಭಿಸುವುದು ಅನುಕೂಲ.