ಸೇಬಿನ ರಸದ ಬಗ್ಗಡ: ತನಿಖಾ ಕೈಪಿಡಿ

ವ್ಯಾಪ್ತಿ: ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನ ಕನ್ನಡಿಗರಿಗೆ ಈ ಕೈಪಿಡಿ ಅನ್ವಯಿಸುತ್ತದೆ. ಹಗಲೆಲ್ಲ ಕಡತದ ಮೇಲೆ ‘ಪರಿಶೀಲಿಸಿ’ ಎಂದು ಬರೆದು ಕೆಳಗೆ ತಳ್ಳುವವರು ಮನೆಯಲ್ಲಾದರೂ ಏನಾದರೊಂದನ್ನು ಖುದ್ದು ಪರಿಶೀಲಿಸಲಿ ಎಂಬುದು ಉದ್ದೇಶ.

ಸಾಮಗ್ರಿ: ತಿಳಿಯಾಗಿರಬೇಕಿದ್ದ ಸೇಬಿನ ರಸ, ಗಾಜಿನ ಲೋಟಗಳು, ಅಯೋಡಿನ್, ಔಷಧಿ ಅಂಗಡಿಯ ಸ್ಪಿರಿಟ್. ಪರೀಕ್ಷಿಸಿದ ರಸವನ್ನು ಯಾರೂ ಕುಡಿಯಬಾರದು.

1. ಮೊದಲು ಮೂಸಿ. ಹೆಂಡದ ವಾಸನೆ, ಗುಳ್ಳೆ, ಉಬ್ಬಿದ ಡಬ್ಬ ಕಂಡರೆ ಅಪರಾಧಿ ಯೀಸ್ಟ್. ಚೆಲ್ಲಿ. ಚೆಲ್ಲಲು ಮನಸ್ಸಾಗದೆ ಕೆಲಸದಾಕೆಗೆ ಕೊಟ್ಟರೆ ತನಿಖೆ ನಿಮ್ಮ ಮೇಲೇ ತಿರುಗುತ್ತದೆ.

2. ಲೋಟವನ್ನು ಬಿಸಿನೀರಿನಲ್ಲಿಡಿ. ಬೆಚ್ಚಗಾದೊಡನೆ ತಿಳಿಯಾದರೆ, ಪ್ರೋಟೀನೂ ಹಣ್ಣಿಗೆ ಒಗರು ಕೊಡುವ ಪಾಲಿಫಿನಾಲೂ ಚಳಿಗೆ ಕೂಡಿಕೊಂಡಿದ್ದವು ಎಂದರ್ಥ. ಜನವರಿಯ ದಿಲ್ಲಿಯಲ್ಲಿ ಇದಕ್ಕೆ ಫ್ರಿಜ್ ಬೇಕಿಲ್ಲ, ಬಾಲ್ಕನಿ ಸಾಕು. ಬಹಳ ದಿನ ಬಿಟ್ಟರೆ ಸಂಬಂಧ ಖಾಯಮ್ಮಾಗುತ್ತದೆ. ಆಮೇಲೆ ಬಿಸಿನೀರಿನ ಮಾತೂ ನಡೆಯದು.

3. ಸ್ವಲ್ಪ ರಸ ಕುದಿಸಿ, ಆರಿಸಿ, ಒಂದು ಹನಿ ಅಯೋಡಿನ್ ಬಿಡಿ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನಂತೆ ಪಿಷ್ಟ ತಾನೇ ನೀಲಿಗಟ್ಟುತ್ತದೆ. ಸೇಬು ಮಾಗಿದಂತೆ ಅದರ ಪಿಷ್ಟ ಸಕ್ಕರೆಯಾಗುತ್ತದೆ; ಮಾಗುವ ಮುನ್ನ ಕಿತ್ತದ್ದರಲ್ಲಿ ಹಾಗೇ ಉಳಿಯುತ್ತದೆ. ಕಾಯಿಸಿದಾಗ ಕರಗಿ, ಶೋಧಕದಿಂದ ನುಸುಳಿ, ತಣಿದ ಮೇಲೆ ಒಟ್ಟುಗೂಡಿ ಮಬ್ಬು ಕವಿಸುತ್ತದೆ. ಹಾಕಿದ ಹನಿಯ ಬಣ್ಣವೇ ಮಾಯವಾದರೆ ಗಾಬರಿ ಬೇಡ: ವಿಟಮಿನ್ ಸಿ ಅದನ್ನು ಕಬಳಿಸಿದೆ. ಇನ್ನಷ್ಟು ಹನಿ ಹಾಕಿ.

4. ಒಲೆಯಿಂದ ದೂರದಲ್ಲಿ, ಒಂದು ಪಾಲು ರಸಕ್ಕೆ ಎರಡು ಪಾಲು ಸ್ಪಿರಿಟ್ ಬೆರೆಸಿ. ಲೋಳೆಲೋಳೆಯಾಗಿ ಗಂಟುಕಟ್ಟಿದರೆ ಪೆಕ್ಟಿನ್. ಅದನ್ನು ಒಡೆಯಬೇಕಿದ್ದ ಪೆಕ್ಟಿನೇಸ್ ಕಿಣ್ವ ಕೆಲಸ ಮುಗಿಸುವ ಮೊದಲೇ ರಸವನ್ನು ಸೋಸಿದ್ದಾರೆ. ನೌಕರನಿಗೆ ವೇಳೆ ಕೊಡದೆ ವರದಿ ಕೇಳಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.

5. ಯಾರೂ ತಪ್ಪೊಪ್ಪಿಕೊಳ್ಳದಿದ್ದರೆ ಸೂಕ್ಷ್ಮದರ್ಶಕ ಬೇಕು. ಕಡತವನ್ನು ಮೇಲಕ್ಕೆ ಕಳುಹಿಸಿ; 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆಹಾರದ ಇಂಥ ಪ್ರಶ್ನೆಗಳಿಗೆಂದೇ ಇದೆ. ಊರಿನ ಕಡೆ ಕಡತ ಹೋದರೆ ಹಿಂದೆಯೇ ಪ್ರವಾಸ ಭತ್ಯೆಯ ಅರ್ಜಿ ಹಾಕಬೇಡಿ.

ವಿನಾಯಿತಿ: ಕಿತ್ತಳೆ ರಸದ ಮೇಲೆ ಈ ಕೈಪಿಡಿ ಪ್ರಯೋಗಿಸಬಾರದು. ಅಲ್ಲಿ ಬಗ್ಗಡವೇ ಗುಣ. ತಿರುಳನ್ನು ತೇಲಿಸಿ ಹಿಡಿದಿರುವುದು ಅದೇ ಪೆಕ್ಟಿನ್. ಸಾಕಷ್ಟು ಕಾಯಿಸದಿದ್ದರೆ ಹಣ್ಣಿನದೇ ಕಿಣ್ವವೊಂದು ಪೆಕ್ಟಿನ್ನನ್ನು ಕೆಡಿಸಿ, ಕ್ಯಾಲ್ಸಿಯಂ ಜೊತೆ ಸೇರುವಂತೆ ಮಾಡಿ, ತಿರುಳನ್ನೆಲ್ಲ ತಳಕ್ಕಿಳಿಸುತ್ತದೆ. ಹಾಗಾಗಿ ಕಿತ್ತಳೆ ರಸದ ಮೇಲ್ಭಾಗ ತಿಳಿಯಾಗಿ ಕಂಡ ದಿನ ಹೊಸ ಕಡತ ತೆರೆಯಿರಿ.