ಸೆಟ್ಟಿಂಗ್ ರಾಯರು

ಸೆಟ್ಟಿಂಗ್ ರಾಯರ ಥೀಸಿಸ್ ಎಲ್ಲಿಗೆ ಬಂತು ಎಂದು ಯಾರಾದರೂ ಕೇಳಿದರೆ ಅವರ ಮುಕ್ಕಾಲು ಗಂಟೆ ಹೋಯಿತೆಂದೇ ಲೆಕ್ಕ. ರಾಯರು ಲ್ಯಾಪ್‌ಟಾಪ್ ತೆರೆದು ತೋರಿಸುತ್ತಾರೆ. ಪರದೆಯ ಎಡಕ್ಕೆ ಅಧ್ಯಾಯಗಳ ಪಟ್ಟಿ. ಬಲಕ್ಕೆ, ಅಚ್ಚಾದ ಪುಟ ಹೇಗೆ ಕಾಣುತ್ತದೆಂಬ ಮುನ್ನೋಟ. ಕೆಳಗಡೆ ಪದಗಳ ಲೆಕ್ಕ, ಅದರ ಪಕ್ಕದಲ್ಲಿ ಅಹಮದಾಬಾದಿನ ಈ ಕ್ಷಣದ ಉಷ್ಣಾಂಶ. ಆಧಾರಗ್ರಂಥಗಳನ್ನು ತಾನೇ ಹುಡುಕಿ ತಂದು ಕೂರಿಸುವ ಪ್ಯಾಕೇಜೂ ಉಂಟು. ಎಲ್ಲ ಸಿದ್ಧ. ನಡುವೆ ಬರೆಯಬೇಕಾದ ಜಾಗದಲ್ಲಿ ಶೀರ್ಷಿಕೆ ಇದೆ, ರಾಯರ ಹೆಸರಿದೆ, ಮಿನುಗುವ ಕರ್ಸರ್ ಇದೆ.

ಗುಜರಾತಿಗೆ ನಮ್ಮವರು ಹೋಟೆಲಿಗೆಂದು ಬಂದರು, ಬ್ಯಾಂಕಿಗೆಂದು ಬಂದರು, ಇಸ್ರೊಗೆಂದು, ರಿಫೈನರಿಗೆಂದು ಬಂದರು. ಹಾಗೆ ಬಂದವರಲ್ಲಿ ಊರಿಗೊಬ್ಬರಂತೆ ಸೆಟ್ಟಿಂಗ್ ರಾಯರು ಇದ್ದೇ ಇದ್ದಾರೆ. ಹೆಸರು ಭಟ್ಟರೋ ಗೌಡರೋ ಪಾಟೀಲರೋ ಇರಬಹುದು, ಕನ್ನಡ ಸಂಘದ ಬಾಯಲ್ಲಿ ಮಾತ್ರ ಎಲ್ಲರೂ ರಾಯರೇ. ಅಹಮದಾಬಾದಿನವರು ಸ್ಯಾಟಲೈಟ್ ಬಡಾವಣೆಯವರು. ಹಗಲು ಆಫೀಸು, ರಾತ್ರಿ ಪಿಎಚ್‌ಡಿ. ಬರೆಯುವ ಎಡಿಟರುಗಳಲ್ಲಿ ಅವರು ಎಮ್ಯಾಕ್ಸ್ ಭಕ್ತರು. ವಡೋದರಾದವರು ವಿಮ್ ಪಂಥ. ಸೂರತ್ತಿನವರು ಚಿಕ್ಕ ವಯಸ್ಸಿನವರು, ವಿಎಸ್ ಕೋಡ್. ಗುಜರಾತಿನಲ್ಲಿ ಪಾನನಿರೋಧ ಇದೆಯೆಂದು ಊರಿನ ಹಿರಿಯರು ನಿಶ್ಚಿಂತೆಯಿಂದ ಹುಡುಗರನ್ನು ಕಳಿಸುತ್ತಾರೆ. ಎಡಿಟರಿನ ಸೆಟ್ಟಿಂಗ್ ತಿದ್ದುತ್ತ ಕೂರುವ, ಪರ್ಮಿಟ್ಟೇ ಬೇಡದ ಚಟ ಇದೊಂದಿದೆ ಎಂದು ಅವರಿಗೆ ಯಾರು ಹೇಳಬೇಕು?

ಇದರ ಮೂಲ ದೂರದ್ದು. 1970ರ ದಶಕದಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಟೆಕೊ ಎಂಬ ಎಡಿಟರ್ ಇತ್ತು. ಅಲ್ಲಿದ್ದವರೆಲ್ಲ ಅದಕ್ಕೆ ತಮ್ಮ ತಮ್ಮ ಮ್ಯಾಕ್ರೊಗಳನ್ನು ಕಟ್ಟಿಕೊಂಡರು. ಕೊನೆಕೊನೆಗೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಯಾವ ಕೀಲಿ ಒತ್ತಿದರೆ ಏನಾದೀತೆಂದು ತಿಳಿಯದಾಯಿತು. ಈ ರಗಳೆ ಮುಗಿದು ಎಲ್ಲರಿಗೂ ಒಂದೇ ಪದ್ಧತಿ ಇರಲಿ ಎಂದು ಗೈ ಸ್ಟೀಲ್ ಕೈಹಾಕಿದರು, ರಿಚರ್ಡ್ ಸ್ಟಾಲ್ಮನ್ ಮುಂದುವರಿಸಿದರು. 1976ರಲ್ಲಿ ಎಮ್ಯಾಕ್ಸ್ ಹುಟ್ಟಿತು. 1985ರಲ್ಲಿ ಸ್ಟಾಲ್ಮನ್ ಗ್ನು ಎಮ್ಯಾಕ್ಸ್ ಹೊರತಂದರು. 2012ರಲ್ಲಿ ಬಂದ 24ನೆಯ ಆವೃತ್ತಿಯಲ್ಲಿ ಪ್ಯಾಕೇಜ್ ಇಳಿಸಿಕೊಳ್ಳುವ ಏರ್ಪಾಡು ಅದರೊಳಗೇ ಸೇರಿತು. ರಾಯರ ಮನೆಯಲ್ಲಿ ಸಾರು ಆರತೊಡಗಿದ್ದು ಆಗಿನಿಂದ. ಎಲ್ಲರಿಗೂ ಒಂದೇ ಇರಲಿ ಎಂದು ಹುಟ್ಟಿದ ಎಡಿಟರನ್ನು ರಾಯರು ಎಂಥ ಸ್ಥಿತಿಗೆ ತಂದಿದ್ದಾರೆಂದರೆ, ಸ್ವತಃ ಸ್ಟಾಲ್ಮನ್ ಬಂದು ಕೂತರೂ ಒಂದು ಕಡತ ಉಳಿಸಲಾರರು. ಕ್ಯಾಪ್ಸ್ ಲಾಕ್ ಒತ್ತಿದರೆ ಅದು ಕಂಟ್ರೋಲ್. ಕಂಟ್ರೋಲ್ ಒತ್ತಿದರೆ ಆಲ್ಟ್. ಆಲ್ಟ್ ಒತ್ತಿದರೆ ರಾಯರೇ ಒಳಗಿನಿಂದ ಓಡಿ ಬರುತ್ತಾರೆ: "ಅಯ್ಯೋ, ಅದನ್ನ ಮುಟ್ಟಬೇಡಿ!"

ಮಗಳ ಸ್ಕೂಲಿಗೆ ರಜಾ ಚೀಟಿ ಬೆರಳಚ್ಚಿಸಲು ಅವರ ಮನೆಯವರು ಒಮ್ಮೆ ಆ ಯಂತ್ರದ ಮುಂದೆ ಕೂತರಂತೆ. ಮಗಳ ಹೆಸರು ಮುಗಿಯುವಷ್ಟರಲ್ಲಿ ಪರದೆ ನಾಲ್ಕು ಹೋಳಾಯಿತು, ಒಂದು ಹೋಳಿನಲ್ಲಿ ಟೆಟ್ರಿಸ್ ಆಟ ಶುರುವಾಯಿತು. ಎಮ್ಯಾಕ್ಸಿನ ಒಳಗೆ ಟೆಟ್ರಿಸ್ ನಿಜವಾಗಿಯೂ ಇದೆ. ಮಾತಾಡಿಸಿ ಸಮಾಧಾನ ಹೇಳುವ ಡಾಕ್ಟರೊಬ್ಬರೂ ಇದ್ದಾರೆ. ಮನೆಯವರು ಚೀಟಿಯನ್ನು ಕೈಯಲ್ಲೇ ಬರೆದುಕೊಟ್ಟರು.

ಈಗ ರಾಯರ ಅಧ್ಯಯನಕ್ರಮ. ಎಡಿಟರ್ ತೆರೆದುಕೊಳ್ಳಲು ನಾಲ್ಕು ಸೆಕೆಂಡು ಹಿಡಿಯುತ್ತದೆ ಎಂಬುದು ಅವರನ್ನು ಬಹುಕಾಲ ಕಾಡಿತು. ಬೇಕಾದಾಗ ಮಾತ್ರ ಎಚ್ಚರಗೊಳ್ಳುವಂತೆ ಒಂದೊಂದೇ ಪ್ಯಾಕೇಜನ್ನು ಮಲಗಿಸುತ್ತ ಬಂದರು. ದೀಪಾವಳಿ ರಜೆ ಪೂರ್ತಿ ಅದಕ್ಕೇ ಹೋಯಿತು. ಕೊನೆಗೆ ಅದು ಒಂದು ಸೆಕೆಂಡಿನೊಳಗೆ ತೆರೆಯಿತು. ಆ ರಾತ್ರಿ ಅವರ ಮುಖ ನೋಡಬೇಕಿತ್ತು! ಆದರೆ ಎಮ್ಯಾಕ್ಸಿನವರು ಎಮ್ಯಾಕ್ಸನ್ನು ಮುಚ್ಚುವುದೇ ಇಲ್ಲ. ಸೋಮವಾರ ತೆರೆದದ್ದು ಮುಂದಿನ ತಿಂಗಳ ಸೋಮವಾರವೂ ತೆರೆದೇ ಇರುತ್ತದೆ. ಉಳಿದ ಆ ಮೂರು ಸೆಕೆಂಡು ತಿಂಗಳಿಗೊಮ್ಮೆ ಅವರ ಕೈಸೇರುತ್ತದೆ.

ಕೆಳಮನೆಯ ಕಾಕಾಗೆ ಕಾಲುಪುರದಲ್ಲಿ ಬಟ್ಟೆ ಅಂಗಡಿ. ಕೆಂಪು ರಟ್ಟಿನ ಚೋಪ್ಡಾದಲ್ಲಿ ಲೆಕ್ಕ ಬರೆದವರು, ಈಗ ಮಗನ ಒತ್ತಾಯಕ್ಕೆ ಟ್ಯಾಲಿ. ದೀಪಾವಳಿಯ ಚೋಪ್ಡಾ ಪೂಜೆಗೆ ಹಳೆಯ ಪುಸ್ತಕದ ಪಕ್ಕ ಲ್ಯಾಪ್‌ಟಾಪೂ ಇಟ್ಟು ಕುಂಕುಮ ಹಚ್ಚುತ್ತಾರೆ. ಶುಭ, ಲಾಭ ಎಂದು ಬರೆಯುತ್ತಾರೆ. ನಮ್ಮ ರಾಯರೂ ಭಕ್ತಿಯಿಂದ ತಮ್ಮ ಯಂತ್ರ ಹೊತ್ತು ಕೆಳಗಿಳಿದರು. ಕಾಕಾ ಕುತೂಹಲದಿಂದ ಪರದೆ ನೋಡಿ, "ಸಾಹೇಬ್, ಆಮಾಂ ಫಾಯ್ದೊ ಶುಂ?" ಎಂದರು. ಲಾಭ ಏನೆಂದು ಕೇಳುವುದು ಗುಜರಾತಿನಲ್ಲಿ ಕುಹಕವಲ್ಲ, ಕುಶಲಪ್ರಶ್ನೆ. ಪ್ರತಿ ಸಲ ಎಡಿಟರ್ ತೆರೆಯುವಾಗ ಮೂರು ಸೆಕೆಂಡು ಉಳಿಯುತ್ತದೆ ಎಂದು ರಾಯರು ವಿವರಿಸಿದರು. ದಿನಕ್ಕೆ ಎಷ್ಟು ಸಲ ತೆರೆಯುತ್ತೀರಿ, ಇದನ್ನು ಮಾಡಲು ಎಷ್ಟು ದಿನ ಹಿಡಿಯಿತು, ಈ ದಿನಗಳಲ್ಲಿ ಆಫೀಸಿನ ಸಂಬಳ ಎಷ್ಟು ಎಂದು ಕಾಕಾ ಒಂದೊಂದೇ ಕೇಳುತ್ತ ಬೆರಳು ಮಡಿಸಿದರು. ಬಡ್ಡಿ ಸೇರಿಸಲಿಲ್ಲ, ಹಬ್ಬದ ದಿನವೆಂದು ಬಿಟ್ಟಿರಬೇಕು. "ಮೂಡಿಯೇ ಮುಳುಗಿದೆಯಲ್ಲ ಸಾಹೇಬ್" ಎಂದು ಒಂದು ತಟ್ಟೆ ಮಠಿಯಾ ಮುಂದಿಟ್ಟರು. ಮೂಡಿ ಎಂದರೆ ಬಂಡವಾಳ.

ಇಷ್ಟಕ್ಕೂ ಮೂಡಿ ಮುಳುಗುವುದು ಅಪ್‌ಡೇಟ್ ದಿನ. ಗೈಡ್ ಮರುದಿನ ಬರಹೇಳಿದ್ದಾರೆಂದರೆ ರಾಯರಿಗೆ ಹಿಂದಿನ ರಾತ್ರಿ ಪ್ಯಾಕೇಜುಗಳನ್ನೆಲ್ಲ ಒಮ್ಮೆ ಹೊಸದು ಮಾಡಿಬಿಡೋಣ ಅನಿಸುತ್ತದೆ. ಮಾಡುತ್ತಾರೆ. ಎಡಿಟರ್ ಎದ್ದು ನಿಲ್ಲುವುದಿಲ್ಲ. ಯಾವುದೋ ಒಂದು ಹೆಸರಿಗೆ ಬೆಲೆಯೇ ಇಲ್ಲವೆಂದು ಎರಡು ಸಾಲಿನ ದೂರು ಕೊಟ್ಟು ಕೂರುತ್ತದೆ. ಆಗ ರಾಯರು ತಮ್ಮ ಸೆಟ್ಟಿಂಗ್ ಕಡತದ ಅರ್ಧಭಾಗವನ್ನು ಮುಚ್ಚಿ ನೋಡುತ್ತಾರೆ. ದೋಷ ಉಳಿದರೆ ಅದು ಉಳಿದರ್ಧದಲ್ಲಿದೆ. ಅದನ್ನೂ ಅರ್ಧ ಮಾಡಿ ನೋಡುತ್ತಾರೆ. ಹೀಗೆ ಕಾಲು, ಅರೆಕಾಲು, ವೀಸ ಎಂದು ಇಳಿದು ಇಳಿದು ಬೆಳಗಿನ ಜಾವ ಸಿಗುವುದು ಒಂದು ಆವರಣ ಚಿಹ್ನೆ. ಹೆಚ್ಚಾಗಿತ್ತು, ಅಥವಾ ಕಮ್ಮಿಯಾಗಿತ್ತು. ಗೈಡಿನ ಮುಂದೆ ಹೋಗಿ ನಿಂತಾಗ ಕಣ್ಣು ಕೆಂಪು. ಹುಡುಗ ರಾತ್ರಿಯೆಲ್ಲ ಓದುತ್ತಾನೆಂದು ಅವರು ಇನ್ನೊಂದು ಟರ್ಮ್ ಸಮಯ ಕೊಡುತ್ತಾರೆ.

ಮನೆಯ ದಿನಸಿ ಪಟ್ಟಿಯೂ ರಾಯರ ಎಡಿಟರಿನಲ್ಲೇ ಇದೆ. ಆರ್ಗ್ ಮೋಡ್ ಎಂಬ ಈ ಟಿಪ್ಪಣಿ ವ್ಯವಸ್ಥೆಯನ್ನು 2003ರಲ್ಲಿ ಮಾಡಿದವರು ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ. ಅವರ ಕೋಷ್ಟಕದಲ್ಲಿ ಇಂಗ್ಲಿಷ್ ಅಕ್ಷರಗಳು ಸರಿಸಮ ಅಗಲದಲ್ಲಿ ಸಾಲಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರ ಹಾಗೆ ಸೈನಿಕನಂತೆ ನಿಲ್ಲುವ ಜಾತಿಯದಲ್ಲ. ರಾಯರು ತೊಗರಿಬೇಳೆ, ಕೊತ್ತಂಬರಿ ಬೀಜ, ಒಗ್ಗರಣೆ ಮೆಣಸಿನಕಾಯಿ ಎಂದು ಬರೆದ ಕೂಡಲೇ ಕೋಷ್ಟಕದ ಗೆರೆ ಅಂಕುಡೊಂಕಾಯಿತು. ಎಮ್ಯಾಕ್ಸಿನ 2020ರ 27ನೆಯ ಆವೃತ್ತಿಯಲ್ಲಿ ಅಕ್ಷರ ಕೂರಿಸುವ ಹಾರ್ಫ್‌ಬಜ್ ಬಂದು ಒತ್ತಕ್ಷರಗಳು ಅವುಗಳ ಜಾಗಕ್ಕೆ ಕೂತವು, ಗೆರೆ ಮಾತ್ರ ನೆಟ್ಟಗಾಗಲಿಲ್ಲ. ನೋಟೊ ಫಾಂಟ್ ಹಾಕಿ ನೋಡಿದರು, ಲೋಹಿತ್ ಹಾಕಿ ನೋಡಿದರು, ಗುಬ್ಬಿ ಹಾಕಿ ನೋಡಿದರು. ಅಕ್ಷರದ ಗಾತ್ರ ತಗ್ಗಿಸಿದರು, ಏರಿಸಿದರು. ಕೊತ್ತಂಬರಿ ಸರಿಹೋದರೆ ಒಗ್ಗರಣೆ ಹೊರಗೆ ಚಾಚುತ್ತದೆ. ಭಾನುವಾರ ಮಧ್ಯಾಹ್ನ ದಾಟಿ ಅಂಗಡಿಯ ಬಾಗಿಲು ಎಳೆಯುವ ಹೊತ್ತು. ಅಡುಗೆಮನೆಯಿಂದ ದನಿ ಬಂತು: "ರೀ, ಗೆರೆ ಸೊಟ್ಟಗಿದ್ರೆ ಬೇಳೆ ಬೇಯಲ್ವಾ?"

ಉತ್ತರಾಯಣದ ಕಥೆ ಇನ್ನೊಂದು. ಜನವರಿ 14ರಂದು ಅಹಮದಾಬಾದಿನಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲ, ಎಲ್ಲರೂ ತಾರಸಿಯಲ್ಲಿ. ರಾಯರೂ ಎಳ್ಳುಬೆಲ್ಲದ ಡಬ್ಬಿ, ಲ್ಯಾಪ್‌ಟಾಪ್ ಎರಡನ್ನೂ ಹಿಡಿದು ಹತ್ತಿದರು. ಕಪ್ಪು ಹಿನ್ನೆಲೆಯ ಥೀಮು ಬಿಸಿಲಿನಲ್ಲಿ ಏನೂ ಕಾಣದು. ಅಲ್ಲೇ ಕೂತು ಅಹಮದಾಬಾದಿನ ಅಕ್ಷಾಂಶ 23, ರೇಖಾಂಶ 72ರ ಚಿಲ್ಲರೆ ಎಂದು ಎಮ್ಯಾಕ್ಸಿಗೆ ತಿಳಿಸಿ, ಸೂರ್ಯ ಹುಟ್ಟಿದಾಗ ಬಿಳಿ, ಮುಳುಗಿದಾಗ ಕಪ್ಪು ಎಂದು ಥೀಮು ತಾನೇ ಬದಲಾಗುವಂತೆ ಮಾಡುತ್ತಿದ್ದರು. ಸುತ್ತ "ಕಾಯ್ ಪೋ ಛೆ" ಎಂಬ ಕೂಗು. ಮಗಳು ಹಿಡಿದಿದ್ದ ಪಟ ಹರಿದು ಹೋಯಿತು. ಅಪ್ಪ ತಲೆ ಎತ್ತಲಿಲ್ಲ. ಸಂಜೆ ಆರು ದಾಟಿದಾಗ ಪರದೆ ತಾನಾಗಿ ಕಪ್ಪಾದದ್ದನ್ನು ಕಂಡು ಅವರೊಬ್ಬರೇ ಚಪ್ಪಾಳೆ ತಟ್ಟಿದರು.

ಅದಮಾರಿನ ಯು. ಆರ್. ರಾವ್ ಇದೇ ಊರಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿ 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಪಿಎಚ್‌ಡಿ ಪಡೆದರು. ಆಮೇಲೆ ಆರ್ಯಭಟ ಉಪಗ್ರಹದ ನಿರ್ಮಾಣವನ್ನೂ ಮುನ್ನಡೆಸಿದರು. ರಾಯರ ಮಾವನವರು ಬಂದಾಗಲೆಲ್ಲ ಇದನ್ನು ನೆನಪಿಸಿ, "ಅವರು ಯಾವ ಥೀಮ್ ಇಟ್ಕೊಂಡಿದ್ರೋ ವಿಚಾರಿಸಿದೀರಾ?" ಎಂದು ಕೇಳುತ್ತಾರೆ.

ವಡೋದರಾದ ರಾಯರು ಈ ಮಟ್ಟಕ್ಕಿಲ್ಲ. ಅವರ ವಿಮ್‌ನಲ್ಲಿ ಬರೆಯುವುದಕ್ಕೂ ಮೊದಲು ಬರೆಯುತ್ತೇನೆಂದು ಒಂದು ಕೀಲಿ ಒತ್ತಬೇಕು, ಮುಗಿದ ಮೇಲೆ ಎಸ್ಕೇಪ್ ಒತ್ತಬೇಕು. ಆ ಅಭ್ಯಾಸ ಕೈಬೆರಳಿಗೆ ಇಳಿದು, ರಿಫೈನರಿಯ ಮೇಲಧಿಕಾರಿಗೆ ಹೋಗುವ ಪತ್ರದ ಕೊನೆಗೂ ಕೋಲನ್, ಡಬ್ಲ್ಯು, ಕ್ಯೂ ಸಹಿತ ವಂದನೆಗಳು. ಅದು ಯಾವುದೋ ಪದವಿ ಇರಬೇಕೆಂದು ಆ ಅಧಿಕಾರಿ ಉತ್ತರದಲ್ಲಿ ಇವರ ಹೆಸರಿನ ಮುಂದೆ ಸೇರಿಸಿ ಬರೆದದ್ದೂ ಉಂಟು. ವಿಮ್ ಮಾಡಿದವರು ನೆದರ್‌ಲೆಂಡ್ಸಿನ ಬ್ರಾಮ್ ಮೂಲೆನಾರ್, 1991ರಲ್ಲಿ. 2023ರಲ್ಲಿ ತೀರಿಕೊಂಡರು. ವಿಮ್ ತೆರೆದಾಗ ಮೊದಲ ಪರದೆಯಲ್ಲೇ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಕೋರಿಕೆ ಇರುತ್ತದೆ. ವಡೋದರಾ ರಾಯರು ದುಡ್ಡು ಕಳಿಸಿದ್ದಾರೆ. ಮೂವರು ರಾಯರ ಸೆಟ್ಟಿಂಗುಗಳಿಂದ ಇದುವರೆಗೆ ಯಾರಿಗಾದರೂ ಹೊಟ್ಟೆ ತುಂಬಿದ್ದರೆ ಅದು ಆ ಮಕ್ಕಳಿಗೆ.

ಸೂರತ್ತಿನವರದು ಕಿರುದಾರಿ. ಗಿಟ್‌ಹಬ್‌ನವರು 2022ರ ಡಿಸೆಂಬರಿನಲ್ಲಿ ಆಟಮ್ ಎಡಿಟರನ್ನು ಮುಚ್ಚಿದಾಗ ಎರಡು ದಿನ ಲೋಚೊ ತಿಂಡಿ ಕೂಡ ಸೇರಲಿಲ್ಲವಂತೆ. ಮೂರನೆಯ ದಿನ ವಿಎಸ್ ಕೋಡಿಗೆ ಬಂದರು. ಈಗ ಅವರ ಪರದೆಯ ಮೂಲೆಯಲ್ಲಿ ಒಂದು ಬೆಕ್ಕು ಓಡಾಡುತ್ತದೆ. ರಿಂಗ್ ರೋಡಿನ ಸೀರೆ ವ್ಯಾಪಾರಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡಬೇಕಿತ್ತು. ಬೆಕ್ಕಿಗೆ ಈಗ ಜೊತೆಗೊಂದು ನಾಯಿ ಬಂದಿದೆ.

ರಾಯರನ್ನು ಕೆಣಕಿದರೆ ಅವರ ಬತ್ತಳಿಕೆಯಲ್ಲಿ ಡೊನಾಲ್ಡ್ ಕ್ನೂತ್ ಇದ್ದಾರೆ. ತಮ್ಮ ಪುಸ್ತಕದ ಹೊಸ ಅಚ್ಚು ಕಣ್ಣಿಗೆ ಹಿತವಾಗಿಲ್ಲವೆಂದು ಆ ಮಹಾಶಯರು 1977ರಲ್ಲಿ ಬರವಣಿಗೆ ಬದಿಗಿಟ್ಟು ಅಕ್ಷರ ಜೋಡಿಸುವ ಟೆಕ್ ವ್ಯವಸ್ಥೆಯನ್ನೇ ಕಟ್ಟಲು ಕೂತರು, ವರ್ಷಗಟ್ಟಲೆ ಕೂತರು. ನಿಜ. ಆದರೆ ಕ್ನೂತ್ ಎದ್ದು ಬಂದು ಪುಸ್ತಕವನ್ನೂ ಬರೆದರು ಎಂಬ ಉತ್ತರಾರ್ಧವನ್ನು ರಾಯರು ಹೇಳುವುದಿಲ್ಲ. ನಮ್ಮಲ್ಲೇ ಕೆ. ಪಿ. ರಾಯರು ಕನ್ನಡಕ್ಕೆ ಒಂದು ಕೀಲಿಮಣೆ ವಿನ್ಯಾಸ ಮಾಡಿದರು. ಇವತ್ತು ಕರ್ನಾಟಕದ ಕಚೇರಿ ಕಚೇರಿಯಲ್ಲಿ ಅದರ ಮೇಲೆ ಬೆರಳಾಡುತ್ತಿದೆ. ಅವರು ಮಾಡಿದ್ದು ಎಲ್ಲರಿಗೂ ಬಂತು. ನಮ್ಮ ರಾಯರದು ಅವರಿಗೊಬ್ಬರಿಗೆ. ನನ್ನ ತಕರಾರು ಇಷ್ಟೇ.

ಅದೂ ಪೂರ್ತಿ ನಿಜವಲ್ಲ ಎಂದು ಸಂಘದ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಕೆಲಸದಲ್ಲಿ ಗೊತ್ತಾಯಿತು. ಹಳೆಯ ಸಂಚಿಕೆಗಳ ಲೇಖನಗಳನ್ನು ಆಯ್ದು ಮತ್ತೆ ಅಚ್ಚು ಹಾಕಬೇಕಿತ್ತು. ಎಲ್ಲವೂ ಯೂನಿಕೋಡ್ ಪೂರ್ವದ ನುಡಿ ಫಾಂಟಿನಲ್ಲಿದ್ದವು. ತೆರೆದರೆ ಕನ್ನಡವೇ ಇಲ್ಲ. ರೋಮನ್ ಅಕ್ಷರಗಳು ಟೋಪಿ ಹಾಕಿಕೊಂಡು, ಬಾಲ ಇಳಿಬಿಟ್ಟುಕೊಂಡು ಪುಟ ತುಂಬ ನಿಂತಿದ್ದವು. ಮತ್ತೆ ಬೆರಳಚ್ಚಿಸಲು ಡಿಟಿಪಿಯವರು ಹೇಳಿದ ದರ ಕೇಳಿ ಖಜಾಂಚಿ ನೀರು ಕುಡಿದರು. ರಾಯರು ಕಡತಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದರು. ಅರ್ಕಾವತ್ತಿನದೊಂದೇ ತೊಡಕು: ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ತಿರುಗಿಸದಿದ್ದರೆ ಸೂರ್ಯನಿಗೂ ಧರ್ಮಕ್ಕೂ ಗ್ರಹಣ. ರಾಯರು ಎಮ್ಯಾಕ್ಸಿನಲ್ಲೇ ಒಂದು ಸಣ್ಣ ಪ್ಯಾಕೇಜು ಬರೆದು ಅದನ್ನೂ ತಿರುಗಿಸಿದರು. ಮರುದಿನ ಬೆಳಿಗ್ಗೆ ಎಲ್ಲ ಲೇಖನಗಳೂ ಶುದ್ಧ ಕನ್ನಡದಲ್ಲಿ ಬಂದವು. ಕಾಸು ಮುಟ್ಟಲಿಲ್ಲ. ಸಮಿತಿಯವರ ಕಣ್ಣು ತುಂಬಿತು. ಆ ಭರದಲ್ಲಿ ಅಧ್ಯಕ್ಷರು, "ರಾಯರೇ, ನಿಮ್ಮದೂ ಒಂದೆರಡು ಪುಟ ಲೇಖನ ಬರಲಿ" ಎಂದುಬಿಟ್ಟರು.

ರಾಯರು ಒಪ್ಪಿದರು. ಲೇಖನ ಬರೆಯುವಾಗ ಗಮನ ಚದುರದಂತೆ, ಬರೆಯುತ್ತಿರುವ ಪ್ಯಾರಾ ಬಿಟ್ಟು ಉಳಿದವೆಲ್ಲ ಮಸುಕಾಗುವ ಪ್ಯಾಕೇಜು ಹಾಕಿದರು. ಮಸುಕಾಗಲು ಬೇರೆ ಪ್ಯಾರಾ ಇರಲಿಲ್ಲ. ಗಡುವು ಮುಗಿಯಿತು, ಇನ್ನೊಂದು ಗಡುವೂ ಮುಗಿಯಿತು. ಆ ಎರಡು ಪುಟಗಳಲ್ಲಿ ಒಂದಕ್ಕೆ ಖಾಖ್ರಾ ಅಂಗಡಿಯ ಜಾಹೀರಾತು ಬಂತು.

ಆದ್ದರಿಂದ ಗುಜರಾತಿನ ಕನ್ನಡಿಗರಲ್ಲಿ ಒಂದು ವಿನಂತಿ. ಹಳೆಯ ನುಡಿ ಫಾಂಟಿನ ಕಡತಗಳು ನಿಮ್ಮಲ್ಲಿದ್ದರೆ ರಾಯರಿಗೆ ತಲುಪಿಸಿ, ರಾತ್ರಿ ಬೆಳಗಾಗುವುದರೊಳಗೆ ಸರಿಮಾಡಿ ಕೊಡುತ್ತಾರೆ. ಲೇಖನವೇ ಬೇಕಿದ್ದರೆ ಅವರ ಮನೆಯವರನ್ನು ಕೇಳಿ. ಜಾಹೀರಾತು ಬಾರದ ಆ ಇನ್ನೊಂದು ಪುಟಕ್ಕೆ ಬರೆದವರು ಅವರೇ; ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ, ಬಾಲ್‌ಪೆನ್ನಿನಲ್ಲಿ, ಒಂದೇ ಮಧ್ಯಾಹ್ನ.