ಮೀನನ್ನು ಕೇಳಿ ದೋಣಿ ಕೊಳ್ಳಬಾರದು

ಎರಡು ದೋಣಿಗಳ ಮೇಲೆ ಕಾಲಿಡಬೇಡ ಎಂದರು ಹಿರಿಯರು. ಎರಡರಲ್ಲಿ ಯಾವುದರ ಮೇಲೆ ಇಡಬೇಕೆಂದು ಮಾತ್ರ ಹೇಳಲಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಮೇ ತಿಂಗಳು ಬಂತೆಂದರೆ ಎಷ್ಟೋ ಸಂಸಾರಗಳಿಗೆ ಇದೇ ಪೇಚು. 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇರುವ ರಾಜ್ಯ ಅದು. ವಾಲ್‌ಐ ಮೀನಿನ ಹಂಗಾಮು ಶುರುವಾದ ಮೇಲೆ ದಡದಲ್ಲಿ ಕೂತವನು ಮದುವೆಗೆ ಹೋಗಿ ಪಂಕ್ತಿಗೆ ಕೂರದವನ ಹಾಗೆ. ಅಂಗಡಿಯ ಮುಂದೆ ಎರಡು ಅಲ್ಯೂಮಿನಿಯಂ ದೋಣಿಗಳಿವೆ: ಒಂದು 14 ಅಡಿಯ, ಚಪ್ಪಟೆ ತಳದ ಜಾನ್ ಬೋಟ್, ಇನ್ನೊಂದು 16 ಅಡಿಯ, ‘ವಿ’ ಆಕಾರದ ತಳದ, ಎತ್ತರದ ಅಂಚಿನದು. ನನ್ನ ವಾದ ಇಷ್ಟೇ: ಸಂಸಾರದ ದೋಣಿಯನ್ನು ಆರಿಸಬೇಕಾದವರು ಗಾಳದ ಹುಚ್ಚಿನವರಲ್ಲ, ಮೀನು ತಟ್ಟೆಯಲ್ಲಿದ್ದರೆ ಸಾಕು ಎನ್ನುವವರು.

ಚಪ್ಪಟೆ ದೋಣಿಯ ಪರ ಹೇಳುವುದಕ್ಕೆ ಬೇಕಾದಷ್ಟಿದೆ. ಬೆಲೆ ಕಡಿಮೆ, ತೂಕ ಕಡಿಮೆ, ಸಣ್ಣ ಎಂಜಿನ್ ಸಾಕು, ಸಣ್ಣ ಕಾರೂ ಎಳೆದೀತು. ಮೊಣಕಾಲುದ್ದ ನೀರಿನ ಜೊಂಡಿನೊಳಗೂ ನುಗ್ಗುತ್ತದೆ. ನಿಂತ ನೀರಿನಲ್ಲಿ ಎದ್ದು ಗಾಳ ಬೀಸಿದರೂ ಹೆಚ್ಚು ಅಲುಗದು. ‘ವಿ’ ತಳದ್ದಾದರೆ ಯಾರು ಎದ್ದರೂ ಆ ಕಡೆಗೆ ವಾಲಿ ಮರ್ಯಾದೆ ತೋರಿಸುತ್ತದೆ. ಎಲ್ಲ ನಿಜ, ಗಾಳಿ ಏಳುವವರೆಗೆ. ಆ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರವನ್ನೇ ನೋಡಿ: ಹರವು ಸುಮಾರು 530 ಚದರ ಕಿ.ಮೀ., ಆಳ ಹೆಚ್ಚೆಂದರೆ 42 ಅಡಿ. ಇಂಥ ಅಗಲವಾದ, ಆಳವಿಲ್ಲದ ನೀರಿನಲ್ಲಿ ಗಾಳಿ ಬಂದದ್ದೇ ತಡ, ಅಲೆಗಳು ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ‘ವಿ’ ತಳ ಅವನ್ನು ಸೀಳಿಕೊಂಡು ಹೋಗುತ್ತದೆ. ಚಪ್ಪಟೆ ತಳ ಮೇಲೇರಿ ದಬ್ಬೆಂದು ಬೀಳುತ್ತದೆ. ತಗ್ಗಾದ ಅಂಚು ಹಾರಿದ ನೀರು ನೇರ ಮುಂದಿನ ಸೀಟಿನವರ ಮುಖಕ್ಕೆ. ಮುಂದೆ ಕೂತಿರುವುದು ಯಾರು? ದೋಣಿ ಆರಿಸಿದ ಉತ್ಸಾಹಿಯಂತೂ ಅಲ್ಲ. ಆತ ಎಂಜಿನ್ ಹಿಡಿದು ಹಿಂದೆ, ಒಣ ಜಾಗದಲ್ಲಿ ಇರುತ್ತಾನೆ.

ಗಾಳಿಯಿದ್ದರೆ ಹೋಗದಿದ್ದರಾಯಿತು, ಸಣ್ಣ ಕೆರೆಗಳಿಗೇನು ಬರವೇ, ಎಂದು ಕೇಳಬಹುದು. ಗಾಳಿ ದೋಣಿ ಇಳಿಸುವಾಗಲೇ ಬಂದರೆ ಮನೆಗೆ ಮರಳಬಹುದಿತ್ತು. ಅದು ಬರುವುದು ಕೆರೆಯ ನಡುವೆ. ಸಣ್ಣ ಕೆರೆಯ ವ್ರತವೋ, ದೊಡ್ಡ ಕೆರೆಯಲ್ಲಿ ಮೀನು ಚೆನ್ನಾಗಿ ಬೀಳುತ್ತಿದೆಯೆಂದು ಯಾರೋ ಹೇಳುವವರೆಗೆ. ಜೊತೆಗೆ ದೋಣಿಯ ಮೇಲೆ ಒಂದು ಫಲಕವಿದೆ: 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗೆ ಎಷ್ಟು ಜನ, ಎಷ್ಟು ತೂಕ, ಎಷ್ಟು ಎಚ್‌ಪಿ ಎಂದು ಅಂಟಿಸಿರಲೇಬೇಕೆಂಬುದು ಅಮೆರಿಕದ ಕಾನೂನು. ಐಸ್ ಪೆಟ್ಟಿಗೆ, ನಾಯಿ, ಬರಬೇಡ ಎನ್ನಲಾಗದ ಭಾವಮೈದುನ, ಎಲ್ಲರೂ ಅದೇ ತೂಕದೊಳಗೆ ಬರಬೇಕು. ಚಿಕ್ಕ ದೋಣಿಯಲ್ಲಾದರೆ, ದೊಡ್ಡ ಮೀನು ಸಿಕ್ಕಿದಾಗ ಯಾರನ್ನು ಇಳಿಸುವುದೆಂಬ ಚರ್ಚೆಯೇ ಆದೀತು.

ಉಳಿದದ್ದು ದುಡ್ಡಿನ ಮಾತು. ದೊಡ್ಡದಕ್ಕೆ ದೋಣಿ, ಎಂಜಿನ್, ಟ್ರೇಲರ್ ಮೂರಕ್ಕೂ ಹೆಚ್ಚು ಬೀಳುತ್ತದೆ, ಒಪ್ಪೋಣ. ಆದರೆ ಕೊಟ್ಟ ಹಣವನ್ನು ದೋಣಿ ನೀರಿಗಿಳಿದ ದಿನಗಳಿಂದ ಭಾಗಿಸಿ ನೋಡಬೇಕು. ಒಮ್ಮೆ ತೊಯ್ದು ತೊಪ್ಪೆಯಾದವರಿಗೆ ಮುಂದಿನ ಭಾನುವಾರ ತಪ್ಪದೆ ತಲೆನೋವು. ಅದರ ಮುಂದಿನ ವಾರ ಮಕ್ಕಳಿಗೆ ಪರೀಕ್ಷೆ. ಆಮೇಲೆ ದೋಣಿಗೆ ಟಾರ್ಪಾಲಿನ್. ಟಾರ್ಪಾಲಿನ್ ಕೆಳಗಿನ ಅಗ್ಗದ ದೋಣಿಗಿಂತ ದುಬಾರಿಯಾದದ್ದಿಲ್ಲ. ಆದ್ದರಿಂದ 16 ಅಡಿಯದೇ ಸರಿ. ರಿವೆಟ್ಟೋ ವೆಲ್ಡಿಂಗೋ, ಹಸಿರೋ ಕೆಂಪೋ ಎಂಬ ತೀರ್ಮಾನವನ್ನು ಉತ್ಸಾಹಿಗೇ ಬಿಡಬಹುದು. ಅವನಿಗೂ ಗೆದ್ದ ಸಮಾಧಾನ ಬೇಕಲ್ಲ.